ಕೆಂಪು ಚೀಟಿಯ ಇಲಿಗಳು

ಸೂಜಿ ಚುಚ್ಚಿದ್ದು ಮಂಗಳವಾರ ಬೆಳಿಗ್ಗೆ, ಹನ್ನೊಂದಕ್ಕೆ ಐದು ನಿಮಿಷ ಇರುವಾಗ. ಸಮಯ ಇಷ್ಟು ಕರಾರುವಾಕ್ಕಾಗಿ ನೆನಪಿರಲು ಕಾರಣ, ಆ ಕ್ಷಣ ಇಲಿಯಕ್ಕ ನೋಡಿದ್ದು ಬೆರಳನ್ನಲ್ಲ, ಗೋಡೆಯ ಗಡಿಯಾರವನ್ನು. ಪ್ರಯೋಗದ ಇಲಿಗಳಿಗೆ ರೋಗ ಹತ್ತಿಸಿ ನೋಡುವ ಸೋಂಕಿನ ಕೋಣೆಯ ನಿಯಮ ಹಾಗಿತ್ತು. ಏನಾದರೂ ಚುಚ್ಚಿದರೆ, ಕಚ್ಚಿದರೆ, ಕಣ್ಣಿಗೆ ಸಿಡಿದರೆ ಒಂದು ಗಂಟೆಯೊಳಗೆ ಕೆಳಗಿನ ಮಹಡಿಯ ಡಾಕ್ಟರಮ್ಮನಿಗೆ ತಿಳಿಸಬೇಕು.

ಸಂಶೋಧನೆಯ ಹುಡುಗಿ ನಲವತ್ತು ಇಲಿಗಳಿಗೆ ಚುಚ್ಚುಮದ್ದು ಕೊಟ್ಟು, ಫೋನು ಬಂತೆಂದು ಹೊರಗೆ ಓಡಿದ್ದಳು. ಟ್ರೇಯ ಮೇಲೆ ಕಾಗದದ ಟವೆಲ್ಲು ಮುದುಡಿ ಬಿದ್ದಿತ್ತು. ಇಲಿಯಕ್ಕ ಎಂದಿನಂತೆ ಟವೆಲ್ಲನ್ನು ಬಾಚಿ ಎತ್ತಿಕೊಂಡಳು. ಒಳಗೆ ಮುಚ್ಚಳ ಹಾಕದ ಸಿರಿಂಜು ಇತ್ತು. ಎರಡು ಪದರ ಕೈಗವಸು ದಾಟಿ ಎಡಗೈ ತೋರುಬೆರಳಿಗೆ ನಾಟಿತು. ನೋವೇನೂ ಆಗಲಿಲ್ಲ. ಸಾಸಿವೆ ಕಾಳಿನಷ್ಟು ರಕ್ತ ಕೈಗವಸಿನ ಒಳಗಿನಿಂದ ಮೇಲೆದ್ದು ನಿಂತಿತು.

ಗೋಡೆಯ ಫಲಕದಲ್ಲಿ ಬರೆದಂತೆ ಅವಳು ಕೈಗವಸು ಕಳಚಿದಳು, ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ಬೆರಳು ತೊಳೆದಳು. ಹೊಸ ಕೈಗವಸು ಹಾಕಿಕೊಂಡು ಸಿರಿಂಜನ್ನು ಹಳದಿ ಡಬ್ಬಿಗೆ ಹಾಕಿದಳು, ಟೇಬಲ್ಲು ಒರೆಸಿದಳು. ಫಲಕದ ಕೊನೆಯ ಸಾಲೊಂದನ್ನು ಮಾತ್ರ ಮಾಡಲಿಲ್ಲ. ಹನ್ನೆರಡು ಹೊಡೆಯಿತು, ಒಂದು ಹೊಡೆಯಿತು. ಅವಳು ಕೆಳಗಿನ ಮಹಡಿಗೆ ಹೋಗಲಿಲ್ಲ.

ಹೋದರೆ ಡಾಕ್ಟರಮ್ಮ ಮೊದಲು ಕೇಳುವ ಪ್ರಶ್ನೆ ಅವಳಿಗೆ ಗೊತ್ತಿತ್ತು. ಬಸುರಿಯರಿಗೆ ಈ ಕೋಣೆಯೊಳಗೆ ಪ್ರವೇಶವೇ ಇಲ್ಲ ಎಂದು ಬಾಗಿಲ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಇಲಿಯಕ್ಕನಿಗೆ ಆಗ ಒಂಬತ್ತು ವಾರ ತುಂಬಿತ್ತು.

ಇಲಿಯಕ್ಕ ಎಂಬ ಹೆಸರು ಅವಳಿಗೆ ಅಂಟಿಕೊಂಡು ಆರು ವರ್ಷವಾಗಿತ್ತು. ಅದಕ್ಕೆ ಮೊದಲು ಅವಳು ಮನೆಯ ಸೊಸೆ, ಅಷ್ಟೆ. ಗಂಡ ಬಸ್ ಡಿಪೋದಲ್ಲಿ ಹರಿದ ಸೀಟು ಹೊಲಿಯುವವನು. ಕೆಟ್ಟವನಲ್ಲ, ಕುಡುಕನಲ್ಲ, ಕೈ ಎತ್ತಿದವನಲ್ಲ. ಆದರೆ ಚಹಾ ಕುಡಿದ ಲೋಟವನ್ನು ಎಲ್ಲಿ ಕುಡಿದನೋ ಅಲ್ಲೇ ಬಿಡುವವನು. ಲೋಟಕ್ಕೆ ಕಾಲಿದೆ, ತಾನಾಗಿ ನಡೆದು ತೊಟ್ಟಿಗೆ ಹೋಗುತ್ತದೆ, ಮಿಂದು ಬಂದು ಕಪಾಟಿನಲ್ಲಿ ಕೂರುತ್ತದೆ ಎಂದು ಅವನು ಹುಟ್ಟಿದಾಗಿನಿಂದ ನಂಬಿದ್ದ. ಅತ್ತೆ ಕೂಡ ಒಂದು ಕಾಲದಲ್ಲಿ ಆ ಕಾಲೇ ಆಗಿದ್ದವರು; ಸೊಸೆ ಬಂದ ದಿನ ಆ ಕೆಲಸದಿಂದ ನಿವೃತ್ತಿ ಪಡೆದಿದ್ದರು.

ಸಂಶೋಧನಾ ಸಂಸ್ಥೆಯವರು ಇಲಿ ಸಾಕುವ ಇಲಿಮನೆಯಲ್ಲಿ ಕೆಲಸ ಖಾಲಿ ಇದೆ ಎಂದು ಹೇಳಿದ್ದು ನಾದಿನಿ. ಗಂಡ ಬಿಟ್ಟ ಮೇಲೆ ತವರಿಗೆ ಮರಳಿದ್ದ ಅವಳು ಆಗಲೇ ಅಲ್ಲಿ ಪೆಟ್ಟಿಗೆ, ಬಾಟಲಿ ತೊಳೆಯುವ ಕೋಣೆಯಲ್ಲಿದ್ದಳು. ಸಂದರ್ಶನದ ದಿನ ಇಲಿಮನೆಯ ಮೇಲ್ವಿಚಾರಕರು, "ಇಲಿ ಕಂಡ್ರೆ ಭಯ ಇಲ್ವಾ?" ಎಂದು ಕೇಳಿದ್ದರು. ಅವಳು ಗಂಭೀರವಾಗಿಯೇ, "ಮನೇಲಿ ಐದು ಜನರ ತಟ್ಟೆ ತೆಗೀತೀನಿ ಸಾರ್. ಇವು ಅದಕ್ಕಿಂತ ಕಡಿಮೆ ಗಲೀಜು ಮಾಡೋ ಹಾಗೆ ಕಾಣ್ತವೆ" ಎಂದಿದ್ದಳು. ಅಲ್ಲಿಂದ ಅವಳು ಇಲಿಯಕ್ಕ.

ಕೆಲಸ ಅವಳಿಗೆ ಒಲಿದಿತ್ತು. ನಾನೂರು ಇಲಿಗಳ ಪೆಟ್ಟಿಗೆಗಳಲ್ಲಿ ಒದ್ದೆಯಾದ ಹೊಟ್ಟು ತೆಗೆದು ಹೊಸದು ಹರಡುವುದು, ನೀರು, ಕಾಳಿನ ಉಂಡೆ, ಚೀಟಿ. ಬಾಗಿಲು ತೆಗೆದೊಡನೆ ಕೋಣೆಯ ಸರಪರ ಸದ್ದಿನಲ್ಲಿ ಯಾವ ಮೂಲೆಯ ಸದ್ದು ಕಡಿಮೆಯಾಗಿದೆ ಎಂದು ಅವಳ ಕಿವಿಗೆ ತಿಳಿಯುತ್ತಿತ್ತು. ಇಲಿಗೆ ಹುಷಾರಿಲ್ಲವೆಂದು ಓದಿದವರು ತೂಕ ನೋಡಿ ಹೇಳುವ ಹೊತ್ತಿಗೆ ಅವಳು ಆ ಪೆಟ್ಟಿಗೆಯನ್ನು ಬೇರೆ ಇಟ್ಟಾಗಿರುತ್ತಿತ್ತು. ಇದರ ಜೊತೆಗೆ ಯಾರೂ ಹೇಳದ ಇನ್ನೊಂದು ಕೆಲಸ ತಾನಾಗಿ ಸೇರಿಕೊಂಡಿತ್ತು. ಸೂಜಿಯನ್ನು ಹಳದಿ ಡಬ್ಬಿಗೆ ಹಾಕಬೇಕಾದವರು ಅದನ್ನು ಬಳಸಿದವರೇ. ಆದರೆ ಬಳಸಿದವರಿಗೆ ಯಾವಾಗಲೂ ಅವಸರ. ಬಿಟ್ಟು ಹೋದದ್ದನ್ನು ಇವಳು ಎತ್ತಿದಳು. ಒಮ್ಮೆ ಎತ್ತಿದಳು, ಹತ್ತು ಸಲ ಎತ್ತಿದಳು. ಆಮೇಲೆ ಸೂಜಿಗಳಿಗೂ ಕಾಲು ಬಂತು.

ಮಗಳಿಗೆ ಹದಿಮೂರು. ಅವಳ ನಂತರ ಎರಡು ಸಲ ಗರ್ಭ ನಿಂತು, ನಿಲ್ಲದೆ ಹೋಗಿತ್ತು. ಎರಡೂ ಸಲ ಮೊದಲ ವಾರದಲ್ಲೇ ಮನೆಗೆಲ್ಲ ತಿಳಿದು, ಬಂದು ಹೋಗುವವರಿಗೆಲ್ಲ ತಿಳಿದು, ಕಳೆದುಕೊಂಡಾಗ ಅವರೆಲ್ಲರೂ ಸರದಿಯಂತೆ ಬಂದು ಕೂತು, ಏನು ತಿಂದೆ, ಏನು ಎತ್ತಿದೆ, ಯಾಕೆ ಓಡಾಡಿದೆ ಎಂದು ವಿಚಾರಣೆ ಮಾಡಿದ್ದರು. ವಿಚಾರಣೆಗೆ ಬಂದವರಿಗೆಲ್ಲ ಚಹಾ ಮಾಡಿದವಳೂ ಅವಳೇ. ಮೂವತ್ತೆಂಟರಲ್ಲಿ ಮೂರನೆಯ ಸಲ ತಿಂಗಳು ತಪ್ಪಿದಾಗ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಈ ಮಗು ಅವಳಿಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಬೇಕು ಎಂದು ಮನಸ್ಸಿನಲ್ಲಿ ಅಂದುಕೊಳ್ಳಲೂ ಹೆದರುತ್ತಿದ್ದಳು. ಮೂರು ತಿಂಗಳು ದಾಟಲಿ, ಆಮೇಲೆ ನೋಡೋಣ. ಕೆಲಸದಲ್ಲಿ ಹೇಳಿದರೆ ನಾದಿನಿಯ ಕಿವಿಗೆ ಬೀಳುತ್ತದೆ. ನಾದಿನಿಯ ಕಿವಿಗೂ ಬಾಯಿಗೂ ನಡುವೆ ಬಾಗಿಲೇ ಇಲ್ಲ. ಇನ್ನು ಮೂರೇ ವಾರ ಎಂದು ಅವಳು ಸೋಂಕಿನ ಕೋಣೆಯಲ್ಲಿ ಹುಷಾರಾಗಿಯೇ ಕೆಲಸ ಮಾಡುತ್ತಿದ್ದಳು. ಮುಖಗವಸು, ಎರಡು ಕೈಗವಸು, ಮೇಲಂಗಿ. ಎಲ್ಲ ಇತ್ತು.

ಆ ಸಿರಿಂಜಿನಲ್ಲಿ ಇದ್ದದ್ದು ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ. ಬೆಕ್ಕಿನ ಹೊಟ್ಟೆಯಲ್ಲಿ ಸಂತಾನ ಬೆಳೆಸಿ, ಇಲಿಯ ಮೈಯಲ್ಲೂ ಮನುಷ್ಯರ ಮೈಯಲ್ಲೂ ಮನೆ ಮಾಡುವ, ಕಣ್ಣಿಗೆ ಕಾಣದ ಜೀವಿ. ಇಲಿಮನೆಯವರು ಅದನ್ನು ಸುಮ್ಮನೆ ಹುಳ ಎನ್ನುತ್ತಿದ್ದರು. ಗಟ್ಟಿಮುಟ್ಟಾದವರಿಗೆ ಅದು ಹೆಚ್ಚೇನೂ ಮಾಡುವುದಿಲ್ಲ. ಬಸುರಿಗೆ ಮೊದಲ ಸಲ ತಗುಲಿದರೆ ಮಾತ್ರ ಮಗುವಿನ ಕಣ್ಣಿಗೆ, ಮಿದುಳಿಗೆ ಹೋಗಿ ಕೂರಬಹುದು. ಮಗು ಉಳಿಯದೆಯೂ ಹೋಗಬಹುದು. ಇದೂ ಬಾಗಿಲ ಮೇಲೆ ಬರೆದಿತ್ತು. ಆರು ವರ್ಷದಿಂದ ದಿನಾ ಆ ಬಾಗಿಲನ್ನು ತೆಗೆದವಳು ಈಗ ಅದರ ಮುಂದೆ ನಿಂತು ಅಕ್ಷರ ಕೂಡಿಸಿ ಓದಿದಳು.

ಮರುದಿನದಿಂದ ಅವಳ ಲೆಕ್ಕವೂ ಇಲಿಗಳ ಲೆಕ್ಕವೂ ಒಂದೇ ಆಯಿತು. ಒಂದೇ ಸಿರಿಂಜು, ಒಂದೇ ಮಂಗಳವಾರ. ನಲವತ್ತು ಇಲಿಗಳಲ್ಲಿ ಇಪ್ಪತ್ತಕ್ಕೆ ಬಿಳಿ ಚೀಟಿ, ಇಪ್ಪತ್ತಕ್ಕೆ ಕೆಂಪು ಚೀಟಿ. ನೋಡಲು ಎಲ್ಲವೂ ಒಂದೇ ಥರ, ಕಪ್ಪಗೆ, ಮಿರಿಮಿರಿ. ಶುಕ್ರವಾರದವರೆಗೂ ಎಲ್ಲವೂ ಲವಲವಿಕೆಯಿಂದಲೇ ಇದ್ದವು. ಭಾನುವಾರ ರಜೆ ಮುಗಿಸಿ ಸೋಮವಾರ ಬಾಗಿಲು ತೆಗೆದಾಗ, ಬಲಗಡೆಯ ಕಪಾಟಿನ ಸದ್ದು ಅರ್ಧಕ್ಕಿಳಿದಿತ್ತು. ಕೆಂಪು ಚೀಟಿಯವು.

ಪ್ರತಿ ಪೆಟ್ಟಿಗೆಗೂ ಒಂದು ಹಾಳೆ ತುಂಬಬೇಕು. ಕೂದಲು ಕೆದರಿದ್ದರೆ ಒಂದು ಅಂಕ. ಬೆನ್ನು ಗೂನಾಗಿದ್ದರೆ ಇನ್ನೊಂದು. ಮುಟ್ಟಿದರೂ ಸರಿಯದಿದ್ದರೆ ಮೂರನೆಯದು. ಮೂರಾದರೆ ಮೇಲ್ವಿಚಾರಕರನ್ನು ಕರೆಯಬೇಕು. ಅವರು ಬಂದು ಆ ಇಲಿಯ ಕಷ್ಟವನ್ನು ನೋವಿಲ್ಲದಂತೆ ಮುಗಿಸುತ್ತಾರೆ. ಇಲಿಯಕ್ಕ ಪೆನ್ನು ಹಿಡಿದು ಒಂದು, ಒಂದು, ಎರಡು ಎಂದು ಬರೆಯುತ್ತಿದ್ದರೆ ಬೆರಳ ತುದಿ ಜುಮ್ಮೆನ್ನುತ್ತಿತ್ತು. ಚುಚ್ಚಿದ ಗುರುತು ಆಗಲೇ ಮಾಯವಾಗಿತ್ತು. ಗುರುತು ಇದ್ದಿದ್ದರೆ ಒಳ್ಳೆಯದಿತ್ತು, ಎಲ್ಲಿ ಒಳಗೆ ಹೋಯಿತೆಂದಾದರೂ ಕಾಣುತ್ತಿತ್ತು ಅನ್ನಿಸಿತು.

ಅವತ್ತು ಸಂಜೆ ಮನೆಯಲ್ಲಿ ಅವಳು ಪಾತ್ರೆ ತಿಕ್ಕುತ್ತಿದ್ದಾಗ ಅತ್ತೆ, "ಯಾಕಮ್ಮ, ಕೂದ್ಲು ಹಂಗೆ ಕೆದರ್ಕೊಂಡಿದೀಯಾ? ಬಾಚಣಿಗೆ ಕಳೆದ್ಹೋಯ್ತಾ?" ಎಂದರು.

ಒಂದು ಅಂಕ.

"ಬೆನ್ನೂ ಬಗ್ಗಿಸ್ಕೊಂಡು ನಡೀತಿದಾಳೆ ನೋಡು, ನನಗಿಂತ ಮುದುಕಿ ಥರ."

ಎರಡು.

ಅವಳು ಸೋಪಿನ ಕೈಯಲ್ಲೇ ಕುತ್ತಿಗೆ ಮುಟ್ಟಿ ನೋಡಿಕೊಂಡಳು. ಹುಳ ಒಳಗೆ ಸೇರಿದರೆ ಕುತ್ತಿಗೆಯಲ್ಲಿ ಗಂಟು ಬರುತ್ತದೆ ಎಂದು ಬಾಗಿಲ ಮೇಲಿತ್ತು. ಗಂಟು ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಮೈಯೆಲ್ಲ ಹಣ್ಣಾಗಿತ್ತು, ನಿಜ. ಆದರೆ ಈ ಆಯಾಸ ಹುಳದ್ದೋ, ಬಸಿರಿನದೋ, ಬೆಳಿಗ್ಗೆ ಐದರಿಂದ ನಿಂತೇ ಇರುವ ಕಾಲುಗಳದ್ದೋ? ಮೂರನ್ನೂ ಬಿಡಿಸಿ ನೋಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಮದುವೆಯಾಗಿ ಬಂದ ಹದಿನಾರು ವರ್ಷದಲ್ಲಿ ಆಯಾಸವಿಲ್ಲದ ಒಂದು ದಿನ ಇದ್ದಿದ್ದರೆ ಹೋಲಿಸಿ ನೋಡಬಹುದಿತ್ತು.

ಬುಧವಾರ ಕೆಂಪು ಚೀಟಿಯಲ್ಲಿ ನಾಲ್ಕು ಹೋದವು. ಗುರುವಾರ ಬೆಳಿಗ್ಗೆ ಇನ್ನೂ ಒಂಬತ್ತು. ಬಿಳಿ ಚೀಟಿಯವು ಸ್ವಲ್ಪ ಸೊರಗಿದ್ದವು, ಅಷ್ಟೆ. ಕೆಲವು ಆಗಲೇ ಕಾಳಿನ ಉಂಡೆ ಕಡಿಯುತ್ತಿದ್ದವು. ಇಲಿಯಕ್ಕ ತಡೆಯಲಾರದೆ ಹುಡುಗಿಯನ್ನು ಕೇಳಿದಳು. ಹುಡುಗಿಗೆ ಇಪ್ಪತ್ತಾರು ವರ್ಷ. ನಾಲ್ಕು ವರ್ಷದಿಂದ ಇದೊಂದನ್ನೇ ಹಿಡಿದು ಕೂತವಳು. ಯಾರಾದರೂ ಕೇಳಿದರೆ ಸಾಕು ಎಂದು ಕಾಯುತ್ತಿರುವವಳು.

"ಅದಾ, ಇಲಿಯಕ್ಕ? ಹುಳ ಒಳಗೆ ಬಂದ ತಕ್ಷಣ ಮೈಯಲ್ಲಿ ಕೆಲವು ಕಣಗಳು ಕೂಗ್ತವೆ ಅಂತ ಇಟ್ಕೊಳ್ಳಿ. ಬಾಯಿಂದ ಅಲ್ಲ. ಒಂದು ಚೂರು ಪ್ರೋಟೀನು ಹೊರಗೆ ಬಿಡ್ತವೆ. ಇಂಟರ್‌ಫೆರಾನ್ ಗಾಮಾ ಅಂತ. ಅದು ತಗುಲಿದ ಪಕ್ಕದ ಕಣಗಳೆಲ್ಲ ಎಚ್ಚೆತ್ಕೊಂಡು, ತಮ್ಮೊಳಗೆ ಹೊಕ್ಕಿರೋ ಹುಳಾನ ಕೊಲ್ತವೆ. ಬಿಳಿ ಚೀಟಿ ಇಲಿಗಳು ಅವೇ."

"ಕೆಂಪು?"

"ಅವಕ್ಕೆ ಹುಟ್ಟಾ ಆ ಪ್ರೋಟೀನು ಇಲ್ಲ. ನಾವೇ ಹಾಗೆ ಬೆಳೆಸಿರೋದು. ಹುಳ ಬಂದ್ರೂ ಕೂಗೋಕೆ ಆಗಲ್ಲ ಪಾಪ. ಅದಕ್ಕೇ ಹತ್ತು ದಿನದೊಳಗೆ ಎಲ್ಲಾ..." ಎಂದು ಕೈ ಅಲ್ಲಾಡಿಸಿದಳು.

"ಮನುಷ್ಯರಲ್ಲೂ ಇದೇನಾ?"

"ಹೆಚ್ಚು ಕಡಿಮೆ ಇದೇ."

ಇಲಿಯಕ್ಕ ಒದ್ದೆ ಹೊಟ್ಟನ್ನು ಚೀಲಕ್ಕೆ ಸುರಿಯುತ್ತ, ಮುಖ ಅತ್ತ ತಿರುಗಿಸಿಕೊಂಡೇ, "ಬಸುರಿ ಇಲಿಗೆ ಚುಚ್ಚಿದ್ರೆ ಏನಾಗುತ್ತೆ ಮಗಾ?" ಎಂದಳು.

"ಅಯ್ಯೋ, ಅದೇ ದೊಡ್ಡ ತಲೆನೋವು ಅಕ್ಕ. ಬಸಿರಲ್ಲಿ ಮೈಯೇ ಆ ಕೂಗನ್ನ ತಗ್ಗಿಸಿಟ್ಕೊಂಡಿರುತ್ತೆ. ಮರಿ ಅರ್ಧ ಪರಕೀಯ ತಾನೇ, ಅದನ್ನ ಓಡಿಸ್ಬಾರ್ದು ಅಂತ. ಕೂಗು ಕಡಿಮೆ ಆದ್ರೆ ಹುಳ ಮರಿಗೆ ದಾಟುತ್ತೆ. ಹುಳ ಬಂತು ಅಂತ ಜೋರಾಗಿ ಕೂಗಿದ್ರೆ, ಆ ಕೂಗಿಗೇ ಕೆಲವು ಸಲ ಮರಿ ನಿಲ್ಲಲ್ಲ. ಎರಡು ಕಡೆಯಿಂದಲೂ ಕಷ್ಟ." ಹುಡುಗಿ ಉತ್ಸಾಹದಲ್ಲಿ ಹೇಳುತ್ತಲೇ ಇದ್ದಳು. "ಯಾಕಕ್ಕ, ಕೂತ್ಬಿಟ್ರಿ?"

"ಏನಿಲ್ಲ. ಬಗ್ಗಿ ಬಗ್ಗಿ ತಲೆ ಸುತ್ತಿತು."

"ನೀರು ಕುಡೀರಿ" ಎಂದು ಹುಡುಗಿ ಹೊರಗೆ ಕರೆದೊಯ್ದು ತನ್ನ ಬಾಟಲಿ ಕೊಟ್ಟಳು. ಒಳ್ಳೆಯ ಹುಡುಗಿ. ಸೂಜಿಯ ಕತೆ ಹೊರಬಿದ್ದರೆ ಈ ಕೋಣೆಯ ಬಾಗಿಲು ಇವಳಿಗೆ ಮುಚ್ಚುತ್ತದೆ, ನಾಲ್ಕು ವರ್ಷದ ಕೆಲಸ ಮಣ್ಣುಪಾಲಾಗುತ್ತದೆ ಎಂಬ ಭಯವೂ ಇಲಿಯಕ್ಕನ ಹೆದರಿಕೆಯ ಮೂಟೆಯಲ್ಲಿ ಒಂದು ಗಂಟಾಗಿ ಸೇರಿತ್ತು. ತನ್ನ ಹೊಟ್ಟೆಯ ಮಗುವಿಗೆ ಹೆದರುವಾಗಲೂ ಬೇರೆಯವರ ಮಗಳಿಗೆ ತೊಂದರೆಯಾದೀತೆಂದು ಹೆದರುವ ಅಭ್ಯಾಸ ಎಲ್ಲಿಂದ ಬಂತೋ.

ಶುಕ್ರವಾರ ಹತ್ತನೆಯ ದಿನ. ಬಲಗಡೆಯ ಕಪಾಟಿನಲ್ಲಿ ಸದ್ದೇ ಇರಲಿಲ್ಲ. ಇಪ್ಪತ್ತೂ ಮುಗಿದಿದ್ದವು. ಖಾಲಿ ಪೆಟ್ಟಿಗೆಗಳ ಕೆಂಪು ಚೀಟಿಗಳನ್ನು ಒಂದೊಂದಾಗಿ ಕಿತ್ತು ಕೈಯಲ್ಲಿ ಹಿಡಿದುಕೊಂಡು ಅವಳು ಎಷ್ಟೋ ಹೊತ್ತು ನಿಂತಿದ್ದಳು. ಆಮೇಲೆ ಕೈಗವಸು ಕಳಚಿ, ಮೇಲಂಗಿ ತೂಗುಹಾಕಿ, ಕೆಳಗಿನ ಮಹಡಿಗೆ ಇಳಿದಳು. ಹದಿನೆಂಟು ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ವಾಪಸು ಹೋಗೋಣ ಅನ್ನಿಸಿತು.

ಡಾಕ್ಟರಮ್ಮ ನಿವೃತ್ತಿಗೆ ಹತ್ತಿರವಾದವರು. ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ಗಂಟೆ ಅಂತ ಬರೆದಿದ್ರೆ ನೀನು ಹತ್ತು ದಿನ ಅಂತ ಓದ್ಕೊಂಡ್ಯಾ?"

ಇಲಿಯಕ್ಕ ತಲೆ ತಗ್ಗಿಸಿದಳು.

"ಮನೇಲಿ ಯಾರಿಗೆ ಗೊತ್ತು?"

"ಯಾವುದು ಡಾಕ್ಟ್ರೇ, ಸೂಜೀದಾ, ಬಸಿರಿಂದಾ?"

"ಯಾವುದಾದ್ರೂ ಒಂದು."

"ಯಾವುದೂ ಇಲ್ಲ."

ಡಾಕ್ಟರಮ್ಮ ಬೈಯುವುದನ್ನು ಅಲ್ಲಿಗೇ ನಿಲ್ಲಿಸಿದರು. ರಕ್ತ ತೆಗೆದರು. ಬಸುರಿಯರಿಗೆ ಕೊಡಬಹುದಾದ ಮಾತ್ರೆ ಅವತ್ತೇ ಶುರು ಮಾಡಿಸಿದರು. "ಘಟನೆಯ ಫಾರಂ ತುಂಬ್ಬೇಕು" ಎಂದಾಗ ಅವಳು ಕೈ ಮುಗಿದು, ಪರೀಕ್ಷೆಯ ಫಲ ಬರಲಿ, ಆಮೇಲೆ ಎಂದಳು. "ಸೋಮವಾರ ದಾಟೋ ಹಾಗಿಲ್ಲ. ಆ ಕೋಣೆಗೆ ಮಾತ್ರ ಈ ಕ್ಷಣದಿಂದ ಕಾಲಿಡಬೇಡ" ಎಂದರು.

ಶನಿವಾರ ಬೆಳಿಗ್ಗೆ ಫಲ ಬಂತು. ಡಾಕ್ಟರಮ್ಮ ಕುರ್ಚಿ ಎಳೆದುಕೊಟ್ಟರು.

"ಕೂತ್ಕೋ. ಹುಳದ ವಿರುದ್ಧ ಮೈ ಮಾಡೋ ಗುರುತು ನಿನ್ನ ರಕ್ತದಲ್ಲಿದೆ. ಬೇಗ ಬರೋ ಗುರುತು ಒಂದು, ನಿಧಾನವಾಗಿ ಬರೋದು ಒಂದು. ಎರಡೂ ಇದೆ."

"ಹಾಗಾದ್ರೆ ಹುಳ..."

"ತಾಳು. ಇದು ಈ ಹತ್ತು ದಿನದ ಗುರುತಾಗಿರಬಹುದು. ಇಲ್ಲಾ, ಹತ್ತು ವರ್ಷದ ಹಿಂದೆ ಯಾವಾಗಲೋ ಬಂದು ಹೋದದ್ದರ ಗುರುತೂ ಆಗಿರಬಹುದು. ಹಳೇದಾದ್ರೆ ನಿನ್ನ ಮೈಗೆ ಈ ಹುಳ ಆಗಲೇ ಪರಿಚಯ, ಬಂದ ಕೂಡಲೇ ಹಿಡಿಯುತ್ತೆ, ಮಗುವಿಗೆ ಭಯ ಕಡಿಮೆ. ಹೊಸದಾದ್ರೆ..." ಅವರು ಹಾಳೆಯನ್ನು ಮಡಚಿಟ್ಟರು. "ನೀನು ಮಂಗಳವಾರವೇ ಬಂದಿದ್ರೆ ಆ ದಿನದ ರಕ್ತ ನೋಡಿ ಮರುದಿನವೇ ಹೇಳಿಬಿಡ್ತಿದ್ದೆ. ಒಂದೇ ದಿನದಲ್ಲಿ ಗುರುತು ಹುಟ್ಟಲ್ಲ, ಅವತ್ತೇ ಇದ್ದಿದ್ರೆ ಹಳೇದು ಅಂತಲೇ ಅರ್ಥ. ಈಗ ಹೇಳೋಕೆ ಆಗ್ತಿಲ್ಲ."

ಬಾಯಿ ಮುಚ್ಚಿಕೊಂಡ ಹತ್ತು ದಿನವನ್ನು ಇಲಿಯಕ್ಕ ಬೆರಳು ಮಡಚಿ ಎಣಿಸಿದಳು.

"ಇನ್ನೊಂದು ದಾರಿ ಇದೆ. ಕೆಲಸಕ್ಕೆ ಸೇರಿದ ದಿನ ಎಲ್ಲರದ್ದೂ ಒಂದು ಕೊಳವೆ ರಕ್ತ ತೆಗೆದು ತಣ್ಣಗೆ ಇಟ್ಟಿರ್ತೀವಿ. ಆರು ವರ್ಷದ ಹಿಂದಿನ ನಿನ್ನದು ಸಿಕ್ಕಿದ್ರೆ ಅದನ್ನ ಇದರ ಪಕ್ಕ ಇಟ್ಟು ನೋಡಬಹುದು. ಅದರಲ್ಲೂ ಗುರುತು ಇದ್ರೆ ಹಳೇದು ಅಂತ ಖಾತ್ರಿ. ಆದ್ರೆ..."

ಆದರೆ ಎರಡು ವರ್ಷದ ಹಿಂದೆ ದೊಡ್ಡ ಫ್ರೀಜರು ಕೆಟ್ಟು, ಡಬ್ಬಿಗಳನ್ನೆಲ್ಲ ಅವಸರದಲ್ಲಿ ಬೇರೆ ಬೇರೆ ಕಡೆ ಸಾಗಿಸಿದ್ದರು. ಪಟ್ಟಿಯಲ್ಲಿ ಅವಳ ಕೊಳವೆ ಮೂರನೆಯ ಖಾನೆಯ ಡಬ್ಬಿಯಲ್ಲಿದೆ ಎಂದಿತ್ತು. ಮೂರನೆಯ ಖಾನೆಯಲ್ಲಿ ಯಾರದೋ ಕಪ್ಪೆಯ ಯಕೃತ್ತು ಇತ್ತು. ಡಾಕ್ಟರಮ್ಮ ನಾಲ್ಕು ಜನಕ್ಕೆ ಫೋನು ಮಾಡಿದರು. ನಾಲ್ವರೂ, "ಸಾಗಿಸಿದ್ದು ನಾವೇ, ಎಲ್ಲಿಟ್ವಿ ನೆನಪಿಲ್ಲ" ಎಂದರು.

ಕೆಟ್ಟ ಫ್ರೀಜರಿನಿಂದ ಕರಗಿದ ನೀರನ್ನು ಅವತ್ತು ಒರೆಸಿದ್ದು ಯಾರು ಎಂದು ಇಲಿಯಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಹತ್ತಿರ ಹೋಗಿ ಕೇಳಬೇಕೆಂದರೆ, ಯಾಕೆ ಬೇಕು ಎಂದು ಹೇಳಬೇಕು.

ತೊಳೆಯುವ ಕೋಣೆಯಲ್ಲಿ ಹಬೆ ತುಂಬಿತ್ತು. ನಾದಿನಿ ರಬ್ಬರ್ ಬೂಟು ಹಾಕಿಕೊಂಡು ಬಾಟಲಿಗಳಿಗೆ ಬ್ರಷ್ಷು ತುರುಕುತ್ತ, ಯಂತ್ರದ ಗದ್ದಲವನ್ನು ಮೀರಿಸಿ ಏನೋ ಗುನುಗುತ್ತಿದ್ದಳು. ಇಲಿಯಕ್ಕ ಬಾಗಿಲು ಮುಂದೆ ಮಾಡಿ ಒಂದೇ ಉಸಿರಿಗೆ ಹೇಳಿಬಿಟ್ಟಳು. ಸೂಜಿ, ಹುಳ, ಹತ್ತೂವರೆ ವಾರ, ಕೊಳವೆ. ನಾದಿನಿ ಯಂತ್ರ ನಿಲ್ಲಿಸಿದಳು. ಒಮ್ಮೆಲೇ ಬಿದ್ದ ಆ ನಿಶ್ಶಬ್ದಕ್ಕೆ ಇಲಿಯಕ್ಕನಿಗೆ ಬಲಗಡೆಯ ಕಪಾಟಿನ ನೆನಪಾಯಿತು.

"ಅತ್ತಿಗೆ, ನಿಂಗೇನು ತಲೆ ಕೆಟ್ಟಿದೆಯಾ? ಹತ್ತು ದಿನ ಈ ಬೆಂಕಿನ ಹೊಟ್ಟೇಲಿ ಇಟ್ಕೊಂಡು ನಮಗೆಲ್ಲ ಅಡುಗೆ ಮಾಡಿ ಹಾಕಿದ್ಯಾ?"

"ನಿಂಗೆ ಹೇಳಿದ್ರೆ ಊರಿಗೆಲ್ಲ..."

"ಗೊತ್ತು, ನನ್ನ ಬಾಯಿ ರೇಡಿಯೋ ಅಂತ. ಮನೇಲಿ ಬೇರೆ ಯಾರೂ ಮಾತೇ ಆಡಲ್ಲ, ಒಂದಾದ್ರೂ ಇರ್ಲಿ ಅಂತ ಹಾಕಿಟ್ಟಿದೀನಿ. ಆರಿಸೋಕೂ ಬರುತ್ತೆ ನಂಗೆ." ಅವಳ ಕಣ್ಣು ತುಂಬಿತ್ತು. ಸಿಟ್ಟಿಗೋ ಹಬೆಗೋ ಹೇಳುವುದು ಕಷ್ಟ. "ಆ ಡಬ್ಬಿ ನೀಲೀದಾ? ಮುಚ್ಚಳ ಒಡೆದಿದ್ದು?"

"ನಂಗೇನು ಗೊತ್ತು?"

"ನಂಗೊತ್ತು. ಗಂಡಸರೆಲ್ಲ ದೊಡ್ಡ ದೊಡ್ಡ ಡಬ್ಬಿ ಹೊತ್ಕೊಂಡು ವೀರರ ಥರ ಹೊರಟ್ಹೋದ್ರು. ಇದೊಂದು ನೆಲದ ಮೇಲೆ ನೀರಲ್ಲಿ ಕೂತಿತ್ತು, ಮೇಲೆ ನಮ್ಮಂಥವರ ಹೆಸರು ಇದ್ವು, ಕೆಲಸದವರದ್ದು. ಬ್ಯಾಂಡೇಜು ಬಟ್ಟೆ ಸುತ್ತಿ, ಎರಡನೇ ಮಹಡಿ ಫ್ರೀಜರಿನ ತಳದಲ್ಲಿ ನಾನೇ ತುರುಕಿದ್ದೆ. ಯಾರಾದ್ರೂ ಕೇಳ್ತಾರೆ ಅಂತ ಒಂದು ತಿಂಗಳು ಕಾದೆ. ಒಬ್ಬ ಪುಣ್ಯಾತ್ಮನೂ ಕೇಳ್ಲಿಲ್ಲ."

ಫ್ರೀಜರಿನ ತಳದ ಖಾನೆ ಮಂಜುಗಟ್ಟಿ ಅಂಟಿಕೊಂಡಿತ್ತು. ನಾದಿನಿ ಮೊಣಕಾಲೂರಿ, ಪೆಟ್ಟಿಗೆ ಕೆರೆಯುವ ಪಟ್ಟಿಯಿಂದ ಮಂಜು ಕೆತ್ತಿದಳು. ಇಲಿಯಕ್ಕ ಗೋಡೆಗೆ ಒರಗಿ ನಿಂತಿದ್ದಳು. ನೋಡಲೂ ಧೈರ್ಯವಿಲ್ಲ, ನೋಡದಿರಲೂ ಆಗದು. ಬ್ಯಾಂಡೇಜು ಬಟ್ಟೆಯ ತುದಿ ಕಂಡಿತು. ಕಿರುಬೆರಳಿನಷ್ಟು ಕೊಳವೆ, ಅದರ ಮೇಲೆ ಅಳಿಸಿಹೋಗುತ್ತಿದ್ದ ಅವಳ ಕೆಲಸದ ಸಂಖ್ಯೆ. ಆದರೆ ಅವತ್ತು ನೆಲದ ಮೇಲೆ ಎಷ್ಟು ಹೊತ್ತು ಬಿದ್ದಿತ್ತೋ. ಕೆಟ್ಟಿದ್ದರೆ? ಡಾಕ್ಟರಮ್ಮ ಕೊಳವೆಯನ್ನು ಬೆಳಕಿಗೆ ಹಿಡಿದು, "ಪರೀಕ್ಷೆಗೆ ಬರಬಹುದು. ಬರದೇನೂ ಇರಬಹುದು. ಸೋಮವಾರ" ಎಂದರು.

ಭಾನುವಾರ ಆ ಮನೆಯಲ್ಲಿ ವಾರದ ಎಲ್ಲ ದಿನಕ್ಕಿಂತ ಹೆಚ್ಚು ಕೆಲಸ. ಬಟ್ಟೆ, ನೆಲ, ಬಂದವರು, ಮಾಂಸದ ಅಡುಗೆ. ಇಲಿಯಕ್ಕ ಯಂತ್ರದಂತೆ ಓಡಾಡಿದಳು. ಮಗಳು ಪುಸ್ತಕದಿಂದ ತಲೆ ಎತ್ತಿ, "ಅಮ್ಮ, ಯಾಕೆ ಒಬ್ಬಳೇ ಮಾತಾಡ್ತಿದೀಯಾ?" ಎಂದಳು. ತಾನು ಮಾತಾಡುತ್ತಿದ್ದೆನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹಳೇದಾಗಲಿ, ಹಳೇದಾಗಲಿ ಎನ್ನುತ್ತಿದ್ದಳು. ಗಂಡ ಹೊಲಿಗೆಯ ದಾರ ಹುಡುಕುತ್ತ, "ಏನು ಹಳೇದಾಗ್ಬೇಕೇ?" ಎಂದ. "ಉಪ್ಪಿನಕಾಯಿ" ಎಂದು ನಾದಿನಿ ಅಡುಗೆಮನೆಯಿಂದ ಉತ್ತರಿಸಿದಳು. ಅವಳು ಬೆಳಿಗ್ಗೆಯಿಂದ ಒಂದು ಸುದ್ದಿಯನ್ನೂ ಹೇಳಿರಲಿಲ್ಲ. ಅತ್ತೆ ಎರಡು ಸಲ ಅವಳ ಹಣೆ ಮುಟ್ಟಿ ಜ್ವರ ನೋಡಿದರು.

ಮಧ್ಯಾಹ್ನ ಕಿಬ್ಬೊಟ್ಟೆಯಲ್ಲಿ ಸಣ್ಣಗೆ ಹಿಂಡಿದಂತಾಯಿತು. ಹಿಂದಿನ ಎರಡು ಸಲವೂ ಹೀಗೇ ಶುರುವಾಗಿತ್ತು. ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿ, ನೋಡಿಕೊಂಡಳು. ಏನೂ ಇರಲಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ನೋಡಿಕೊಂಡಳು. ಏನೂ ಇರಲಿಲ್ಲ. ತಣ್ಣನೆಯ ಗೋಡೆಗೆ ಹಣೆಯೊತ್ತಿ, ತನ್ನ ಮೈಗೇ ಹೇಳುವಂತೆ, ಕೂಗು, ಆದರೆ ಜೋರಾಗಿ ಕೂಗಬೇಡ, ಹುಳಕ್ಕೆ ಕೇಳುವಷ್ಟು ಕೂಗು, ಮಗು ಬೆಚ್ಚದ ಹಾಗೆ ಕೂಗು ಎಂದು ಬೇಡಿಕೊಂಡಳು. ಹೊರಗಿನಿಂದ ಅತ್ತೆ, "ಒಲೆ ಮೇಲೆ ಏನೋ ಹತ್ತಿದ ವಾಸನೆ" ಎಂದು ಕೂಗಿದರು. "ನಾನು ನೋಡ್ತೀನಿ ಬಿಡಮ್ಮ, ಒಲೆ ಏನು ಅತ್ತಿಗೆ ಹೆಸರಿಗೆ ಬರ್ಕೊಟ್ಟಿದೆಯಾ?" ಎಂಬ ನಾದಿನಿಯ ದನಿ ಕೇಳಿತು. ಆ ಮನೆಯಲ್ಲಿ ಅಂಥ ಮಾತು ಅದೇ ಮೊದಲು.

ಸೋಮವಾರ ಹನ್ನೆರಡಕ್ಕೆ ಡಾಕ್ಟರಮ್ಮ ಕರೆಸಿದರು. ಮೇಜಿನ ಮೇಲೆ ಎರಡು ಹಾಳೆ ಪಕ್ಕಪಕ್ಕ ಇದ್ದವು. ಅವಳಿಗೆ ಕೂರಲಾಗಲಿಲ್ಲ; ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಕೊಳವೆ ಕೆಟ್ಟಿರಲಿಲ್ಲ. ಆರು ವರ್ಷದ ಹಿಂದೆಯೂ ಇದೆ. ಅಷ್ಟೇ ಗಟ್ಟಿಯಾಗಿ ಇದೆ, ನೋಡು. ಹಳೇದು."

ಅವಳಿಗೆ ಅರ್ಥವಾಗಲಿಲ್ಲ. "ಇನ್ನೊಂದ್ಸಲ ಹೇಳಿ ಡಾಕ್ಟ್ರೇ."

"ಹಳೇದಮ್ಮಾ. ನೀನು ಇಲ್ಲಿಗೆ ಬರೋ ಮೊದಲೇ ಈ ಹುಳ ನಿನ್ನ ಮೈಯಲ್ಲಿ ಬಂದು ಕೂತಾಗಿತ್ತು. ಬೇಗ ಬರೋ ಗುರುತು ಕೆಲವರಲ್ಲಿ ವರ್ಷಗಟ್ಟಲೆ ಹೋಗೋದೇ ಇಲ್ಲ, ನಿನ್ನದು ಅಂಥದ್ದು. ಎಲ್ಲಿಂದ ಬಂತು? ಮನೇಲಿ ಬೆಕ್ಕಿದೆಯಾ?"

"ಇಲ್ಲ."

"ಹಸಿ ಮಾಂಸ ಕೈಯಲ್ಲಿ ಹಿಡೀತೀಯಾ?"

"ಪ್ರತಿ ವಾರ. ಹೆಚ್ಚೋದು, ತೊಳೆಯೋದು ನಾನೇ." ಸ್ವಲ್ಪ ತಡೆದು ಹೇಳಿದಳು: "ಬೆಂದಿದೆಯಾ, ಉಪ್ಪು ಹಿಡಿದಿದೆಯಾ ಅಂತ ಅರೆಬೆಂದಾಗ ಒಂದು ಚೂರು ಬಾಯಿಗೆ ಹಾಕ್ಕೊಂಡು ನೋಡ್ತೀನಿ. ಊಟಕ್ಕೆ ಕೂರೋ ಹೊತ್ತಿಗೆ ನಂಗೆ ತುಂಡು ಉಳಿದಿರುತ್ತೆ ಅಂತೇನಿಲ್ಲ. ಅದೇ ನನ್ನ ಪಾಲು."

ಡಾಕ್ಟರಮ್ಮ ಎರಡೂ ಹಾಳೆಗಳನ್ನು ಜೋಡಿಸಿ ಪಕ್ಕಕ್ಕಿಟ್ಟರು. ಆಮೇಲೆ, "ಅಲ್ಲಿಂದಲೇ ಇರಬೇಕು. ಇನ್ಮೇಲೆ ಪೂರ್ತಿ ಬೆಂದಿದ್ದನ್ನ ತಿನ್ನು, ಕೂತ್ಕೊಂಡು ತಿನ್ನು" ಎಂದರು. "ನೋಡು, ನೂರಕ್ಕೆ ನೂರು ಅಂತ ನಾನು ಹೇಳಲ್ಲ. ಸೂಜಿಯಲ್ಲಿದ್ದದ್ದು ಪ್ರಯೋಗಶಾಲೆಯ ಹುಳ, ಸ್ವಲ್ಪ ಬೇರೆ ಬಗೆ. ತಿಂಗಳಿಗೊಂದು ಸ್ಕ್ಯಾನ್ ಮಾಡೋಣ. ಆದ್ರೆ ನನ್ನ ಮಗಳೇ ನಿನ್ನ ಜಾಗದಲ್ಲಿ ಇದ್ದಿದ್ರೆ ಇವತ್ತು ನಾನು ನಿದ್ದೆ ಮಾಡ್ತಿದ್ದೆ."

ಹೊರಗೆ ನಾದಿನಿ ಒದ್ದೆ ಬೂಟಿನಲ್ಲೇ ಕಾಯುತ್ತಿದ್ದಳು. ಗದ್ದ ಎತ್ತಿ, ಏನು ಎಂದು ಕೇಳಿದಳು. ಇಲಿಯಕ್ಕನ ಮುಖವೆಲ್ಲ ಒದ್ದೆಯಾಗಿತ್ತು. ನಾದಿನಿ ಅದನ್ನು ತಪ್ಪಾಗಿ ತಿಳಿದು ಅಲ್ಲೇ ಗೋಡೆ ಹಿಡಿದು ಗೊಳೋ ಎಂದಳು.

"ಅಳ್ಬೇಡ್ವೇ. ಹಳೇದು. ಹಳೇದಂತೆ!"

"ಹಾಗಂತ ಮೊದ್ಲೇ ಬೊಗಳೋಕೇನು, ಅತ್ತಿಗೆ!" ಎಂದು ನಾದಿನಿ ಬೂಟುಗಾಲು ನೆಲಕ್ಕೆ ಅಪ್ಪಳಿಸಿದಳು. ಆಮೇಲೆ ಮೂಗೊರೆಸಿಕೊಂಡು, ದನಿ ತಗ್ಗಿಸಿ, "ಮನೇಲಿ ಯಾರು ಹೇಳೋದು? ನಾನು ಹೇಳಲ್ಲ. ಎರಡು ದಿನ ಬಾಯಿ ಕಟ್ಟಿ ನಂಗೆ ಅಭ್ಯಾಸ ಆಗ್ಬಿಟ್ಟಿದೆ" ಎಂದಳು.

"ಇವತ್ತು ಸಂಜೆ ನಾನೇ ಹೇಳ್ತೀನಿ. ಸೂಜೀದೂ ಸೇರಿಸಿ." ಹದಿಮೂರು ದಿನದ ಹೆದರಿಕೆ ಒಂದು ಹಾಳೆ ನೋಡಿದ ಮಾತ್ರಕ್ಕೆ ಎದ್ದು ಹೋಗುವಂಥದ್ದಲ್ಲ. ಸ್ಕ್ಯಾನು, ಅದರ ಮುಂದಿನ ಸ್ಕ್ಯಾನು, ಅದರ ಮುಂದಿನದು. ಅದು ಅಲ್ಲಿಯವರೆಗೂ ಜೊತೆಗೇ ನಡೆಯುತ್ತದೆ.

ಡಾಕ್ಟರಮ್ಮ ಬಾಗಿಲಿಗೆ ಬಂದು ಫಾರಂ ನೀಡಿದರು. ಇಲಿಯಕ್ಕ ಕಾರಿಡಾರಿನ ಬೆಂಚಿನ ಮೇಲೆ ಕೂತು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆದಳು. ದಿನ, ಹೊತ್ತು, ಯಾವ ಬೆರಳು, ಎಷ್ಟು ವಾರ. ತಾರೀಖು ಎರಡು ಸಲ ತಿದ್ದಿದಳು. ಹುಡುಗಿಯ ಹೆಸರು ಬರೆಯುವಾಗ ಪೆನ್ನು ನಿಂತಿತು. ಮೆಟ್ಟಿಲ ಮೇಲೆ ಯಾರೋ ಓಡಿ ಹೋದರು, ಅವಸರದಲ್ಲಿ. ಅವಳು ಹೆಸರು ಬರೆದಳು. ಕೆಳಗೆ ಇನ್ನೊಂದು ಪ್ರಶ್ನೆಯಿತ್ತು: ಸೂಜಿಯನ್ನು ವಿಲೇವಾರಿ ಮಾಡುವುದು ಯಾರ ಕೆಲಸವಾಗಿತ್ತು?

ನಾದಿನಿ ಅವಳ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು.

'ನನ್ನದಲ್ಲ' ಎಂದು ಇಲಿಯಕ್ಕ ಬರೆದಳು. ಅಕ್ಷರ ಸಣ್ಣದಾಯಿತು ಅನ್ನಿಸಿ, ಅದರ ಮೇಲೆಯೇ ಪೆನ್ನು ಒತ್ತಿ ಇನ್ನೊಂದು ಸಲ ತಿದ್ದಿದಳು.